ಬಾಲದ ಬುಡದ ಕಪ್ಪು ಚುಕ್ಕೆಯಿಂದಲೇ ಜಾತಿ ಹೇಳಲಾಗದು

ಜಲಾಶಯದಲ್ಲಿ ಸಿಕ್ಕ ಬೆಳ್ಳಿ ಬಣ್ಣದ ಪುಟ್ಟ ಮೀನಿನ ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿದೆ, ಇದು ಪಂಟಿಯಸ್ ಎಂಬ ಕುಲದ್ದೇ (ಕುಲವೆಂದರೆ ಹತ್ತಿರದ ಸಂಬಂಧದ ಜಾತಿಗಳ ಗುಂಪು), ಹೇಗೆ ದಾಖಲಿಸಲಿ ಅಂತ ಕೇಳಿದ್ದೀರಿ. ಚುಕ್ಕೆಯೊಂದನ್ನೇ ನಂಬಬೇಡಿ, ಅದು ಹಲವು ಕುಲಗಳಲ್ಲಿದೆ.

ಬೆನ್ನಿನ ಈಜುರೆಕ್ಕೆಯನ್ನು ಬಿಡಿಸಿ, ಕವಲೊಡೆಯದ ಕಡ್ಡಿಗಳಲ್ಲಿ ಕೊನೆಯದರ ಹಿಂಬದಿಯ ಅಂಚಿನ ಮೇಲೆ ಸೂಜಿ ಮೊನೆಯನ್ನು ಮೆಲ್ಲಗೆ ಎಳೆಯಿರಿ. ಗರಗಸದ ಹಲ್ಲಿಗೆ ಸಿಕ್ಕಂತೆ ತಡೆದರೆ ಪಂಟಿಯಸ್ ಅಲ್ಲ, ಅದರ ಹತ್ತಿರದ ಕುಲವಾದ ಪೆಥಿಯಾ ಇರಬಹುದು. ಪಂಟಿಯಸ್‌ನಲ್ಲಿ ಆ ಅಂಚು ನಯ. ಮೀಸೆ ಎಷ್ಟು ಜೊತೆ ಅಂತ ಭೂತಗನ್ನಡಿಯಲ್ಲೇ ನೋಡಿ, ಬಾಯಿಯ ಮೂಲೆಯ ಸಣ್ಣ ಮೀಸೆ ಸುಲಭವಾಗಿ ತಪ್ಪಿಹೋಗುತ್ತದೆ. ಪಾರ್ಶ್ವರೇಖೆಯ (ಮೈಯ ಪಕ್ಕದಲ್ಲಿ ಉದ್ದಕ್ಕೂ ಕಾಣುವ ಸಣ್ಣ ರಂಧ್ರಗಳ ಸಾಲು) ಹುರುಪೆಗಳನ್ನು ಕಿವಿರು ಮುಚ್ಚಳದ ಹಿಂದಿನಿಂದ, ಬಾಲ ಬಗ್ಗಿಸಿದಾಗ ಮಡಿಕೆ ಬೀಳುವ ಜಾಗದವರೆಗೆ ಎಣಿಸಿ. ಉದುರಿದ ಹುರುಪೆಯ ಗುಳಿಯೂ ಲೆಕ್ಕಕ್ಕೆ ಬರಬೇಕು. ರೇಖೆ ಅರ್ಧಕ್ಕೇ ನಿಂತಿದ್ದರೆ ಅದು ಮುಖ್ಯ ಸುಳಿವು, ಬರೆದಿಡಿ.

ಫೋಟೋವನ್ನು ಜೀವವಿರುವಾಗಲೇ ತೆಗೆಯಿರಿ, ಸತ್ತ ಮೇಲೆ ಬಣ್ಣ ಬೇಗ ಮಾಸುತ್ತದೆ. ಎಡಮಗ್ಗುಲು, ರೆಕ್ಕೆ ಬಿಡಿಸಿ, ಪಕ್ಕದಲ್ಲಿ ಸ್ಕೇಲು.

ಮಾದರಿ ಇಡಲು ಅನುಮತಿಯಿದ್ದರೆ, ಬಲಗಡೆಯ ರೆಕ್ಕೆಯ ಚೂರನ್ನು ಮೊದಲೇ ಶೇ. 95ರ ಎಥನಾಲ್‌ಗೆ ಹಾಕಿ. ಫಾರ್ಮಲಿನ್ ತಗುಲಿದರೆ ಡಿಎನ್‌ಎ ಕೆಡುತ್ತದೆ. ಮೀನನ್ನು ಶೇ. 10ರ ಫಾರ್ಮಲಿನ್‌ನಲ್ಲಿಡಿ: ಅಂಗಡಿಯ ದ್ರಾವಣ 1 ಪಾಲು, ನೀರು 9 ಪಾಲು. ಕೈಗವಸು ಬೇಕು, ಗಾಳಿಯಾಡುವ ಜಾಗವೂ ಬೇಕು.

ದಾಖಲೆಯಲ್ಲಿ ದಿನಾಂಕ, ಜಿಪಿಎಸ್, ಆಳ, ಮತ್ತೆ ಬಲೆಯ ಕಣ್ಣಿನ ಅಳತೆ. ಅಳತೆ ಬಿಟ್ಟರೆ, ಸಿಗದ ಮೀನು ಅಲ್ಲಿ ಇರಲಿಲ್ಲವೋ ಬಲೆಯಿಂದ ನುಸುಳಿತೋ ಗೊತ್ತಾಗದು. ಬಿತ್ತನೆ ಮಾಡಿದ, ಅಂದರೆ ಜನ ತಂದು ಬಿಟ್ಟ ಮೀನನ್ನು ಸ್ಥಳೀಯ ಜಾತಿಗಳ ಪಟ್ಟಿಗೆ ಸೇರಿಸಬೇಡಿ. ಕುಲದವರೆಗೆ ಮಾತ್ರ ಖಚಿತವಿದ್ದರೆ ಅಷ್ಟೇ ಬರೆಯಿರಿ.