ಬ್ಯಾಟರಿ ಚೈನ್‌ಸಾ ಮತ್ತು ಕಾಲಿನ ರಕ್ಷಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮರಗಸಿ (ತೋಟದ ನೆರಳಿನ ಮರಗಳ ರೆಂಬೆ ಸವರುವ) ಕೆಲಸಕ್ಕೆಂದು ಈ ವರ್ಷ ಬ್ಯಾಟರಿಯಿಂದ ನಡೆಯುವ ಚೈನ್‌ಸಾ ಕೊಂಡಿದ್ದೇವೆ. ಅಮೆರಿಕದಲ್ಲಿರುವ ನಮ್ಮ ಭಾವನವರು ಸೊಂಟಕ್ಕೆ ಬಿಗಿದು ಕಾಲಿನ ಮುಂಭಾಗಕ್ಕೆ ಕಟ್ಟಿಕೊಳ್ಳುವ ಕವಚವೊಂದನ್ನು ತಂದುಕೊಟ್ಟಿದ್ದಾರೆ. ಅದರ ಒಳಗಿನ ಚೀಟಿಯಲ್ಲಿ ‘ವಿದ್ಯುತ್ ಚೈನ್‌ಸಾ ಜೊತೆ ಬಳಸಕೂಡದು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಪೆಟ್ರೋಲ್ ಯಂತ್ರವನ್ನೇ ತಡೆಯುವ ಕವಚವು ಅದಕ್ಕಿಂತ ಚಿಕ್ಕದಾದ ಬ್ಯಾಟರಿ ಯಂತ್ರವನ್ನು ತಡೆಯಲಾರದೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ನಿಮ್ಮ ಸಂದೇಹ ಸಹಜವಾದುದೇ, ಆದರೆ ಚೀಟಿಯ ಮಾತನ್ನು ಪಾಲಿಸಲೇಬೇಕು. ಕಾರಣ ತಿಳಿಯಬೇಕಾದರೆ ಕವಚವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಹಲ್ಲಿನ ಹೊಡೆತಕ್ಕೆ ಎದುರಾಗಿ ನಿಲ್ಲುವ ಗಟ್ಟಿ ವಸ್ತು ಯಾವುದೂ ಇದರೊಳಗಿಲ್ಲ. ಹೊರಬಟ್ಟೆಯ ಅಡಿಯಲ್ಲಿ ಪಾಲಿಯೆಸ್ಟರ್, ಪಾಲಿಎಥಿಲೀನ್ ಅಥವಾ ಅರಾಮಿಡ್‌ನ ಉದ್ದುದ್ದ ಎಳೆಗಳನ್ನು ಹಲವು ಪದರಗಳಲ್ಲಿ ಸಡಿಲವಾಗಿ ಹಾಸಿರುತ್ತಾರೆ. ಓಡುವ ಚೈನು ಹೊರಬಟ್ಟೆಯನ್ನು ಸೀಳಿದ ಕೂಡಲೇ ಹಲ್ಲುಗಳು ಈ ಎಳೆಗಳನ್ನು ಸೆಳೆದುಕೊಳ್ಳುತ್ತವೆ. ಎಳೆಗಳು ಚೈನಿನ ಜೊತೆಯಲ್ಲೇ ಸಾಗಿ, ಚೈನನ್ನು ತಿರುಗಿಸುವ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಅದನ್ನು ಕ್ಷಣಾರ್ಧದಲ್ಲಿ ಬಿಗಿದು ನಿಲ್ಲಿಸುತ್ತವೆ. ಸೈಕಲ್ಲಿನ ಚೈನಿಗೆ ಪಂಚೆಯ ಅಂಚು ಸಿಕ್ಕಿದಾಗ ಪೆಡಲು ನಿಂತುಹೋಗುವುದು ಇದೇ ಬಗೆಯಲ್ಲಿ. ಇಂಥ ಅವಘಡದ ಅನಂತರ ಯಂತ್ರದ ಪಕ್ಕದ ಮುಚ್ಚಳ ಬಿಚ್ಚಿದರೆ ಸ್ಪ್ರಾಕೆಟ್ಟಿನ ಸುತ್ತ ಎಳೆಗಳು ಬಿಗಿಯಾದ ಉಂಡೆ ಕಟ್ಟಿರುವುದು ಕಾಣುತ್ತದೆ. ಅದನ್ನು ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಬಿಡಿಸಬೇಕಾಗುತ್ತದೆ.

ಈ ಏರ್ಪಾಡು ರೂಪುಗೊಂಡದ್ದು ಪೆಟ್ರೋಲ್ ಯಂತ್ರವನ್ನು ಕಣ್ಣಮುಂದೆ ಇಟ್ಟುಕೊಂಡು. ಪೆಟ್ರೋಲ್ ಎಂಜಿನ್ನಿಗೂ ಚೈನಿಗೂ ನಡುವೆ ಕ್ಲಚ್ ಇರುತ್ತದೆ. ಸ್ಪ್ರಾಕೆಟ್ ಬಿಗಿದುಕೊಂಡರೆ ಕ್ಲಚ್ ಜಾರುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ, ಎಳೆಗಳು ಗೆಲ್ಲುತ್ತವೆ. ವಿದ್ಯುತ್ ಮೋಟಾರಿನ ಸ್ವಭಾವ ಬೇರೆ. ವೇಗ ಕುಸಿಯುತ್ತ ಬಂದಂತೆಲ್ಲ ಅದರ ತಿರುಚುವ ಬಲ ಕುಗ್ಗುವುದಿಲ್ಲ. ನಿಧಾನಗತಿಯಲ್ಲಿಯೇ ಅದು ಹೆಚ್ಚು ಬಲದಿಂದ ಎಳೆಯಬಲ್ಲದು. ಎಳೆಗಳು ಸುತ್ತಿಕೊಂಡರೂ ಮೋಟಾರು ಅವುಗಳನ್ನು ಹರಿದುಕೊಂಡು ಮುಂದೆ ಸಾಗುವ ಸಾಧ್ಯತೆ ಇರುವುದರಿಂದಲೇ ಹಲವು ತಯಾರಕರು, ಮುಖ್ಯವಾಗಿ ಅಮೆರಿಕದವರು, ಆ ಎಚ್ಚರಿಕೆಯನ್ನು ಅಚ್ಚು ಹಾಕಿಸುತ್ತಾರೆ. ಅದು ಕಾನೂನಿನ ತೊಡಕಿನಿಂದ ತಪ್ಪಿಸಿಕೊಳ್ಳಲು ಬರೆದ ಮಾತೆಂದು ಬದಿಗೆ ಸರಿಸಬಾರದು.

ಹಾಗೆಂದು ಬ್ಯಾಟರಿ ಯಂತ್ರಕ್ಕೆ ಕಾಲುಗವಚವೇ ನಿರರ್ಥಕವೆಂದೂ ಭಾವಿಸಬೇಡಿ. ಒಳ್ಳೆಯ ಗುಣಮಟ್ಟದ ಇಂದಿನ ಬ್ಯಾಟರಿ ಯಂತ್ರಗಳಲ್ಲಿ, ಚೈನು ಸಿಕ್ಕಿಕೊಂಡು ಕರೆಂಟಿನ ಸೆಳೆತ ಏಕಾಏಕಿ ಏರಿದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಕೆಲವು ತಯಾರಕರು ತಮ್ಮ ಕವಚವನ್ನು ಬ್ಯಾಟರಿ ಯಂತ್ರದೊಂದಿಗೂ ಬಳಸಬಹುದೆಂದು ಲಿಖಿತವಾಗಿಯೇ ತಿಳಿಸುತ್ತಾರೆ. ನೀವು ಹುಡುಕಬೇಕಾದದ್ದು ಅಂಥದನ್ನು.

ಕೊಳ್ಳುವಾಗ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಯುರೋಪಿನಲ್ಲಿ ಹಿಂದೆ ಇಎನ್ 381-5 ಎಂಬ ಮಾನದಂಡವಿತ್ತು. ಅದರ ಸ್ಥಾನಕ್ಕೆ ಈಗ ಇಎನ್ ಐಎಸ್‌ಒ 11393-2 ಬಂದಿದೆ. ಅದರ ಪ್ರಕಾರ ಕವಚವನ್ನು ಎಷ್ಟು ವೇಗದ ಚೈನಿನ ಎದುರು ಪರೀಕ್ಷಿಸಲಾಗಿದೆ ಎಂಬುದರ ಮೇಲೆ ವರ್ಗ ನಿಗದಿಯಾಗುತ್ತದೆ: ವರ್ಗ 0 ಎಂದರೆ ಸೆಕೆಂಡಿಗೆ 16 ಮೀಟರ್, ವರ್ಗ 1 ಎಂದರೆ 20, ವರ್ಗ 2 ಎಂದರೆ 24, ವರ್ಗ 3 ಎಂದರೆ 28. ಗುರಾಣಿಯೊಳಗೆ ಚೈನ್‌ಸಾ ಇರುವ ಚಿತ್ರದ ಬಳಿ ಈ ವರ್ಗವನ್ನು ಮುದ್ರಿಸಿರುತ್ತಾರೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಚೈನಿನ ವೇಗವನ್ನು ಹುಡುಕಿ, ಕವಚದ ವರ್ಗವು ಅದಕ್ಕೆ ಸಮನಾಗಿ ಅಥವಾ ಅದಕ್ಕಿಂತ ಮೇಲಿರುವಂತೆ ನೋಡಿಕೊಳ್ಳಿ. ಮನೆಬಳಕೆಯ ಸಣ್ಣ ಬ್ಯಾಟರಿ ಯಂತ್ರಗಳ ಚೈನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಓಡಿದರೆ, ವೃತ್ತಿಪರರ ಯಂತ್ರಗಳಲ್ಲಿ ಅದು 20 ಮೀಟರನ್ನು ದಾಟುತ್ತದೆ. ಈಚಿನ ಕೆಲವು ದೊಡ್ಡ ಯಂತ್ರಗಳು ವರ್ಗ 3ರ ಮಿತಿಯನ್ನೂ ಮೀರುತ್ತವೆ. ಬ್ಯಾಟರಿಯದು ಎಂದ ಮಾತ್ರಕ್ಕೆ ಅದು ಮೆತ್ತಗಿನ ಯಂತ್ರವೆಂಬ ನಂಬಿಕೆ ನಮ್ಮ ತೋಟಗಳಲ್ಲಿ ಬೇರೂರುತ್ತಿದೆ. ನನಗೆ ಹೆಚ್ಚು ಆತಂಕ ತರುವುದು ಅದೇ. ಕೈಪಿಡಿಯಲ್ಲಿ ವೇಗದ ಉಲ್ಲೇಖವೇ ಇಲ್ಲದಿದ್ದರೆ, ಅಂಥ ಯಂತ್ರವನ್ನು ಕೊಳ್ಳದಿರುವುದೇ ಲೇಸು.

ಪ್ರಶ್ನೆ: ಅಡಿಕೆ ಬೇಯಿಸುವ ಸೌದೆಗಾಗಿ ಬಿದ್ದ ಮರಗಳನ್ನು ತುಂಡು ಮಾಡುವಾಗ ನಮ್ಮ ಕೆಲಸದವರು ದಪ್ಪ ಜೀನ್ಸ್ ಪ್ಯಾಂಟು, ಗಮ್‌ಬೂಟು ಹಾಕುತ್ತಾರೆ. ಇಷ್ಟು ಸಾಲದೇ? ನಮ್ಮ ಸೆಕೆಯಲ್ಲಿ ಕವಚ ತೊಟ್ಟು ದಿನವಿಡೀ ದುಡಿಯುವುದು ಸಾಧ್ಯವೇ? ಅದರ ಖರ್ಚನ್ನು ಯಾರು ಭರಿಸಬೇಕು?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಸಾಲದು. ಜೀನ್ಸ್ ಬಟ್ಟೆಯ ನೂಲು ಹತ್ತಿಯದು, ಗಿಡ್ಡ ಎಳೆಗಳನ್ನು ಹೊಸೆದು ಬಿಗಿಯಾಗಿ ನೇಯ್ದದ್ದು. ಚೈನು ಅದನ್ನು ಕತ್ತರಿಸಿ ಹೋಗುತ್ತದೆಯೇ ಹೊರತು ಸ್ಪ್ರಾಕೆಟ್ಟನ್ನು ಬಿಗಿಯುವಷ್ಟು ಉದ್ದದ ಎಳೆ ಅದರಿಂದ ಹೊರಬರುವುದಿಲ್ಲ. ಸಾಮಾನ್ಯ ಗಮ್‌ಬೂಟು ಕೆಸರಿಗೂ ಜಿಗಣೆಗೂ ಸರಿ, ಚೈನಿಗೆ ಅದು ತಡೆಯಲ್ಲ. ಪಂಚೆಯಾಗಲಿ ಲುಂಗಿಯಾಗಲಿ ಉಟ್ಟು ಈ ಯಂತ್ರ ಹಿಡಿಯುವುದನ್ನಂತೂ ಇಂದೇ ನಿಲ್ಲಿಸಿ. ಸಡಿಲವಾಗಿ ಜೋಲುವ ಅಂಚನ್ನು ಚೈನು ಸೆಳೆದುಕೊಂಡರೆ ಕಾಲು ಯಂತ್ರದ ಬಳಿಗೇ ಬರುತ್ತದೆ.

ಪೆಟ್ಟು ಬೀಳುವ ಜಾಗವನ್ನು ಗಮನಿಸಿದರೆ ಕವಚದ ಅಗತ್ಯ ಮನದಟ್ಟಾಗುತ್ತದೆ. ಬಲಗೈ ಹಿಂಬದಿಯ ಹಿಡಿಕೆಯಲ್ಲೂ ಎಡಗೈ ಮುಂಬದಿಯ ಹಿಡಿಕೆಯಲ್ಲೂ ಇರುವುದರಿಂದ ನಿಂತವರ ಎಡಗಾಲು ಮುಂದಿರುತ್ತದೆ. ರೆಂಬೆ ತುಂಡಾದ ಮರುಕ್ಷಣವೇ, ಅಷ್ಟು ಹೊತ್ತು ಯಂತ್ರದ ಭಾರ ಹೊತ್ತಿದ್ದ ಮರ ಇಲ್ಲವಾಗಿ, ಇನ್ನೂ ಓಡುತ್ತಿರುವ ಚೈನು ತನ್ನ ತೂಕಕ್ಕೆ ಕೆಳಗಿಳಿದು ಎಡತೊಡೆಯ ಅಥವಾ ಮೊಣಕಾಲಿನ ಮೇಲೆ ಬರುತ್ತದೆ. ದಣಿದ ಕೈಗಳಿಗೆ ಅದನ್ನು ತಡೆದು ಹಿಡಿಯಲು ಸಮಯವೇ ಸಿಗುವುದಿಲ್ಲ.

ಸೆಕೆಯ ಮಾತು ನಿಜ. ಅದಕ್ಕಾಗಿ ಕವಚದ ಬಗೆಯನ್ನು ಕೆಲಸಕ್ಕೆ ತಕ್ಕಂತೆ ಆರಿಸಬೇಕು. ಮಾನದಂಡದಲ್ಲಿ ಎ, ಬಿ ಮತ್ತು ಸಿ ಎಂಬ ಮೂರು ವಿನ್ಯಾಸಗಳಿವೆ. ಎ ಮತ್ತು ಬಿ ವಿನ್ಯಾಸಗಳಲ್ಲಿ ಎಳೆಗಳ ಪದರ ಮುಖ್ಯವಾಗಿ ಕಾಲಿನ ಮುಂಭಾಗಕ್ಕಿದ್ದರೆ, ಸಿ ವಿನ್ಯಾಸದಲ್ಲಿ ಸುತ್ತಲೂ ಇರುತ್ತದೆ. ನೆಲದ ಮೇಲೆ ಭದ್ರವಾಗಿ ನಿಂತು ಬಿದ್ದ ದಿಮ್ಮಿಗಳನ್ನು ತುಂಡರಿಸುವ ನಿಮ್ಮ ಕೆಲಸಕ್ಕೆ ಮುಂಭಾಗದ ರಕ್ಷಣೆಯುಳ್ಳ, ಹಿಂದಿನಿಂದ ಗಾಳಿಯಾಡುವ, ಪಟ್ಟಿ ಬಿಗಿದು ಕಟ್ಟಿಕೊಳ್ಳುವ ಕವಚ ಸಾಕು. ಬಿಡುವಿನ ವೇಳೆಯಲ್ಲಿ ಅದನ್ನು ಬಿಚ್ಚಿಡಲೂಬಹುದು. ಮರ ಹತ್ತಿ, ಮೈ ತಿರುಗಿಸಿ, ಯಾವ ಕಡೆಯಿಂದ ಬೇಕಾದರೂ ಕೊಯ್ಯುವವರಿಗೆ ಸುತ್ತಲೂ ರಕ್ಷಣೆ ನೀಡುವ ಪ್ಯಾಂಟೇ ಬೇಕು. ಅವರು ಏಣಿಯ ಮೇಲೆ ನಿಂತು ಚೈನ್‌ಸಾ ನಡೆಸುವುದನ್ನು ಮಾತ್ರ ನಾನು ಯಾವ ಕವಚದ ಭರವಸೆಯ ಮೇಲೂ ಒಪ್ಪಲಾರೆ.

ಅಳತೆ ಸರಿಯಾಗಿರಬೇಕು. ಕವಚದ ಕೆಳ ಅಂಚಿಗೂ ಬೂಟಿನ ಮೇಲ್ಭಾಗಕ್ಕೂ ನಡುವೆ ಕಾಲು ಕಾಣಿಸಬಾರದು. ಉದ್ದ ಹೆಚ್ಚಾಗಿ ಕಾಲಿಗೆ ತೊಡರಲೂಬಾರದು. ಪಟ್ಟಿಗಳನ್ನೆಲ್ಲ ಬಿಗಿಯಬೇಕು. ಸೆಕೆಯೆಂದು ಕೆಳಗಿನ ಪಟ್ಟಿಯನ್ನು ಬಿಚ್ಚಿಟ್ಟರೆ, ಚೈನು ತಾಗಿದಾಗ ಕವಚವೇ ಪಕ್ಕಕ್ಕೆ ತಿರುಗಿ ಕಾಲು ಬಯಲಾಗುತ್ತದೆ. ಒಬ್ಬರ ಅಳತೆಯದನ್ನು ನಾಲ್ವರು ಸರದಿಯಲ್ಲಿ ತೊಡುವುದರಿಂದ ಉಪಯೋಗ ಕಡಿಮೆ. ಇನ್ನು ಖರ್ಚಿನ ಪ್ರಶ್ನೆ: ಯಂತ್ರ ಯಾರದೋ ಕವಚವೂ ಅವರದೇ ಆಗಿರಬೇಕು. ದಿನಗೂಲಿಯವರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ಯಂತ್ರದ ಬಜೆಟ್ಟಿನಲ್ಲೇ ಕವಚ, ಹೆಲ್ಮೆಟ್ಟು, ಕಣ್ಣಿನ ರಕ್ಷಣೆ ಮತ್ತು ಉಕ್ಕಿನ ಮೂತಿಯ ಚೈನ್‌ಸಾ ಬೂಟುಗಳನ್ನು ಸೇರಿಸಿಕೊಳ್ಳಿ. ಹಣ ಸಾಲದಿದ್ದರೆ ಒಂದು ದರ್ಜೆ ಚಿಕ್ಕ ಯಂತ್ರ ಕೊಳ್ಳಿ.

ಪ್ರಶ್ನೆ: ನಾನು ಕೈತೋಟದ ಕೆಲಸಕ್ಕೆ ಒಂದೇ ಕೈಯಲ್ಲಿ ಹಿಡಿಯುವ ಆರು ಇಂಚಿನ ಬ್ಯಾಟರಿ ಗರಗಸವನ್ನು ತರಿಸಿದ್ದೇನೆ. ನಮ್ಮವರು ಆನ್‌ಲೈನಿನಲ್ಲಿ, ಕಬ್ಬಿಣ, ಟೈಲ್ಸ್ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಜೋಡಿಸುವ ಚೈನ್‌ಸಾ ಬಾರ್ (ಚೈನು ಸುತ್ತ ಓಡುವ ಉದ್ದನೆಯ ಲೋಹದ ಪಟ್ಟಿ) ಒಂದನ್ನು ಕೊಂಡಿದ್ದಾರೆ. ಇವಕ್ಕೂ ಕಾಲುಗವಚ ಬೇಕೇ?
— ಗೃಹಿಣಿ, ಪುತ್ತೂರು

ಉತ್ತರ: ಎರಡನೆಯದರ ವಿಚಾರವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ತುರ್ತಿನದು. ಗ್ರೈಂಡರಿಗೆ ಜೋಡಿಸುವ ಆ ಬಾರನ್ನು ದಯವಿಟ್ಟು ಬಳಸಬೇಡಿ, ಇನ್ನೊಬ್ಬರಿಗೆ ಕೊಡಲೂಬೇಡಿ. ಚೈನ್‌ಸಾದಲ್ಲಿ ಟ್ರಿಗರ್ ಬಿಟ್ಟರೆ ಮೋಟಾರು ನಿಲ್ಲುತ್ತದೆ. ಟ್ರಿಗರ್ ಆಕಸ್ಮಿಕವಾಗಿ ಒತ್ತಿಹೋಗದಂತೆ ಬೇರೊಂದು ಗುಂಡಿ ಇರುತ್ತದೆ. ಬಾರಿನ ತುದಿ ಎದುರೆದ್ದು ಬಂದಾಗ ಚೈನನ್ನು ನಿಲ್ಲಿಸಲು ಮುಂಗೈ ಎದುರಿನ ಬ್ರೇಕ್ ಇರುತ್ತದೆ. ಗ್ರೈಂಡರಿನಲ್ಲಿ ಈ ಬ್ರೇಕ್ ಇಲ್ಲ. ಹಲವು ಗ್ರೈಂಡರುಗಳ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲಿಯೇ ಕೂರುತ್ತದೆ; ಯಂತ್ರ ಕೈಜಾರಿ ಬಿದ್ದರೂ ಚೈನು ಓಡುತ್ತಲೇ ಇರುತ್ತದೆ. ಕಾಲುಗವಚಗಳನ್ನು ಇಂಥ ಜೋಡಣೆಯ ಎದುರು ಪರೀಕ್ಷಿಸಿರುವುದೂ ಇಲ್ಲ.

ನಿಮ್ಮ ಸಣ್ಣ ಗರಗಸದ ಅಪಾಯ ಮುಖ್ಯವಾಗಿ ಎಡಗೈಗೆ. ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಕೈಯಲ್ಲಿ ರೆಂಬೆ ಹಿಡಿದು ಕೊಯ್ಯುವ ಆಸೆಯಾಗುವುದು ಅದರ ಹಗುರತನದಿಂದಲೇ. ರೆಂಬೆಯನ್ನು ಬಾರಿನ ಹತ್ತಿರ ಹಿಡಿಯಬೇಡಿ. ಬಿದ್ದ ಕಡ್ಡಿಗಳನ್ನು ತೊಡೆಯ ಮೇಲಾಗಲಿ ಪಾದದ ಕೆಳಗಾಗಲಿ ಒತ್ತಿಕೊಂಡು ಕತ್ತರಿಸಬೇಡಿ, ಅದಕ್ಕೆ ಕೈಗರಗಸವೋ ಕತ್ತಿಯೋ ಸಾಕು. ಕುಳಿತು ಅಥವಾ ಮೊಣಕಾಲೂರಿ ಕೆಲಸ ಮಾಡುವವರಿಗೆ ತೊಡೆ ಬಾರಿಗೆ ತೀರ ಹತ್ತಿರವಿರುವುದರಿಂದ ಕವಚ ತೊಡುವುದು ಒಳಿತು.

ಈ ಯಂತ್ರಗಳ ಮೌನವೂ ಮೋಸ ಮಾಡುತ್ತದೆ. ಪೆಟ್ರೋಲ್ ಯಂತ್ರ ಸುಮ್ಮನೆ ಹಿಡಿದಿದ್ದಾಗಲೂ ಗುರುಗುಟ್ಟುತ್ತ ತಾನು ಸಿದ್ಧವಿರುವುದನ್ನು ಸಾರುತ್ತದೆ. ಬ್ಯಾಟರಿಯದು ಸದ್ದಿಲ್ಲದೆ ಇದ್ದು, ಬೆರಳು ಒತ್ತಿದ ಕೂಡಲೇ ಪೂರ್ಣ ಬಲದಿಂದ ಓಡುತ್ತದೆ. ಚೈನು ಬಿಗಿಮಾಡುವಾಗ, ಸಿಕ್ಕಿಕೊಂಡ ಚೂರು ತೆಗೆಯುವಾಗ, ಜಾಗ ಬದಲಾಯಿಸಿ ದೂರ ಒಯ್ಯುವಾಗ ಬ್ಯಾಟರಿಯನ್ನು ಹೊರತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಕವಚಕ್ಕೆ ಚೈನು ತಾಗಿ ಮೂರು ಇಂಚಿನಷ್ಟು ಹರಿದಿದೆ. ದರ್ಜಿಯ ಬಳಿ ತೇಪೆ ಹಾಕಿಸಬಹುದೇ? ಎಣ್ಣೆ ಕಲೆಗಳನ್ನು ಹೇಗೆ ತೊಳೆಯಬೇಕು?
— ತೋಟದ ಮೇಲ್ವಿಚಾರಕರು, ಸಕಲೇಶಪುರ

ಉತ್ತರ: ಹೊರಬಟ್ಟೆ ಮಾತ್ರ ಮುಳ್ಳಿಗೆ ಸಿಕ್ಕಿ ಹರಿದಿದ್ದರೆ, ತಯಾರಕರು ಹೇಳಿದ ರೀತಿಯಲ್ಲಿ ಆ ಬಟ್ಟೆಗಷ್ಟೇ ತೇಪೆ ಹಾಕಬಹುದು. ಚೈನು ತಾಗಿ ಒಳಗಿನ ಎಳೆಗಳು ಹೊರಬಂದಿದ್ದರೆ ಅದರ ಆಯುಷ್ಯ ಮುಗಿಯಿತು. ಬೇರೆಯವರು ತೊಡದಂತೆ ಕತ್ತರಿಸಿ ಎಸೆಯಿರಿ. ಎಳೆಗಳ ಪದರದ ಮೂಲಕ ಹೊಲಿಗೆ ಹಾಕಲೇಬಾರದು: ಹೊಲಿದ ಜಾಗದಲ್ಲಿ ಎಳೆಗಳು ಕಟ್ಟುಬಿದ್ದು, ಚೈನಿನ ಜೊತೆ ಸರಿದು ಹೋಗಲಾರವು. ತೊಳೆಯುವ ಕ್ರಮ ಚೀಟಿಯಲ್ಲಿ ಇರುತ್ತದೆ. ಬ್ಲೀಚು ಬೇಡ, ಬಟ್ಟೆ ಮೆದುವಾಗಿಸುವ ದ್ರಾವಣ ಬೇಡ, ಕಲ್ಲಿಗೆ ಒಗೆಯುವುದೂ ಇಸ್ತ್ರಿಯೂ ಬೇಡ, ನೆರಳಿನಲ್ಲಿ ಒಣಗಿಸಿ. ಎಣ್ಣೆ ಮತ್ತು ಮರದ ಅಂಟು ಹೀರಿ ಗಡುಸಾದ ಕವಚ ತನ್ನ ಕೆಲಸ ಮಾಡದು. ಅನೇಕರು ಚೈನಿಗೆ ಹಳೆಯ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದು ಬಟ್ಟೆಗೂ ಚರ್ಮಕ್ಕೂ ಕೆಟ್ಟದ್ದು. ಬಾರಿಗೆಂದೇ ದೊರೆಯುವ ಎಣ್ಣೆಯನ್ನೇ ಹಾಕಿ.

ಪ್ರಶ್ನೆ: ವೈರಿನಿಂದ ನಡೆಯುವ ಚೈನ್‌ಸಾ ಅಗ್ಗವೆಂದು ಕೊಳ್ಳುವ ಯೋಚನೆಯಿದೆ. ಸರಿಯೇ?
— ಓದುಗರು, ಸಾಗರ

ಉತ್ತರ: ಮನೆಯಂಗಳದ ಕೆಲಸಕ್ಕೆ ಸರಿ, ತೋಟದ ನಡುವಿನ ಕೆಲಸಕ್ಕೆ ಬೇಡ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಇರುವ ಸಾಲಿನಿಂದಲೇ ಸಂಪರ್ಕ ಪಡೆಯಿರಿ. ತೆಳುವಾದ ಉದ್ದನೆಯ ವೈರು ಬಳಸಿದರೆ ವೋಲ್ಟೇಜು ಕುಸಿದು ಮೋಟಾರು ಕಾಯುತ್ತದೆ. ವೈರು ಸದಾ ಹಿಂದೆ, ಬಾರಿನಿಂದ ದೂರ ಇರಬೇಕು. ಕಾಲಿಗೆ ತೊಡರಿದ ವೈರು ಮನುಷ್ಯನನ್ನು ಯಂತ್ರದ ಮೇಲೆಯೇ ಬೀಳಿಸಬಲ್ಲದು. ಮಳೆಯಲ್ಲಿ ಮತ್ತು ಒದ್ದೆ ಹುಲ್ಲಿನ ಮೇಲೆ ಬಳಸಲೇಬೇಡಿ.

ಪ್ರಶ್ನೆ: ಎಲ್ಲ ಎಚ್ಚರ ವಹಿಸಿಯೂ ಕಾಲಿಗೆ ಪೆಟ್ಟಾದರೆ ತಕ್ಷಣ ಏನು ಮಾಡಬೇಕು? ನಮ್ಮಲ್ಲಿಂದ ಆಸ್ಪತ್ರೆ ದೂರ.
— ಓದುಗರು, ತೀರ್ಥಹಳ್ಳಿ

ಉತ್ತರ: ದೂರದ ಊರಿನವರು ಈ ಪ್ರಶ್ನೆಯನ್ನು ಕೆಲಸಕ್ಕೆ ಇಳಿಯುವ ಮುನ್ನವೇ ಕೇಳಿಕೊಳ್ಳಬೇಕು. ಒಬ್ಬರೇ ಹೋಗಬೇಡಿ. ಜೊತೆಗಿರುವವರು ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಬಾರಿಗೂ ಬೀಳುವ ಮರಕ್ಕೂ ಸಿಗದಷ್ಟು ದೂರ ಇರಲಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಜೀಪು ಎಲ್ಲಿಯವರೆಗೆ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿ.

ಪೆಟ್ಟಾದ ಕೂಡಲೇ ಗಾಯಗೊಂಡವರನ್ನು ಮಲಗಿಸಿ, ಸ್ವಚ್ಛವಾದ ದಪ್ಪ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಅಂಗೈಗಳಿಂದ ಬಲವಾಗಿ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡಬಾರದು. ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಒತ್ತಬೇಕು. ಅರಿಶಿನ, ಕಾಫಿಪುಡಿ ಹಾಕಬಾರದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಒತ್ತಿದರೂ ರಕ್ತ ಚಿಮ್ಮುತ್ತಲೇ ಇದ್ದರೆ, ಗಾಯಕ್ಕಿಂತ ನಾಲ್ಕು ಬೆರಳಿನಷ್ಟು ಮೇಲೆ, ಕೀಲಿನ ಮೇಲೆ ಬಾರದಂತೆ, ಅಗಲವಾದ ಬಟ್ಟೆಪಟ್ಟಿ ಕಟ್ಟಿ, ಗಂಟಿನಲ್ಲಿ ಗಟ್ಟಿ ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಿ ಬಿಗಿಯಬೇಕು. ತೆಳುವಾದ ಹಗ್ಗ ಅಥವಾ ತಂತಿ ಇದಕ್ಕೆ ಆಗದು. ಬಿಗಿದದ್ದನ್ನು ದಾರಿಯಲ್ಲಿ ಸಡಿಲಿಸಕೂಡದು. ಕಟ್ಟಿದ ಸಮಯವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ. ಟೆಟನಸ್ ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಆಗಿತ್ತೆಂಬುದನ್ನೂ ಹೇಳಿ.