‘ಅಡ್ಡಿಲ್ಲ’ ಅನ್ನಬೇಡ

ತಂಗೀ, ಸೈಕಾಲಜಿ ಪದವಿ ಮುಗಿಸಿ ಶಿರಸಿಯ ಸಂಸ್ಥೆಯೊಂದರಲ್ಲಿ ಕೌನ್ಸೆಲಿಂಗ್ ಮಾಡುತ್ತಿರುವ ನೀನು ಕೇಳಿದ್ದು ಮೂರು. ಅಮೆರಿಕದಲ್ಲಿ ಟ್ರಾಮಾ-ಇನ್‌ಫಾರ್ಮ್ಡ್ ಕೇರ್ (ಮನಸ್ಸಿಗೆ ಆಘಾತವಾದವರನ್ನು ಆ ಅರಿವಿಟ್ಟುಕೊಂಡೇ ನೋಡಿಕೊಳ್ಳುವ ಕ್ರಮ) ಓದಲು ಸರ್ಟಿಫಿಕೇಟ್ ಸಾಕೋ, ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಬೇಕೋ? ಬಫಲೋ ಊರಿನ ಚಳಿ ತಡೆಯಬಹುದೋ? ದಿನವಿಡೀ ಪರರ ಸಂಕಟ ಕೇಳಿ ಸಂಜೆ ಒಬ್ಬಳೇ ರೂಮಿಗೆ ಬಂದು ಬದುಕುವುದು ಹೇಗೆ?

ಚಳಿಗೆ ನೀರಿಳಿಯದ ಬೂಟು, ಒಳಗೊಂದು ಥರ್ಮಲ್. ಎರಡನ್ನೂ ಇಲ್ಲಿಗೆ ಬಂದೇ ಕೊಳ್ಳು.

ಸರ್ಟಿಫಿಕೇಟ್ ಕೋರ್ಸ್‌ಗಳು ಬಹುಪಾಲು ಆನ್‌ಲೈನ್. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸೆಮಿಸ್ಟರಿಗೆ ಒಂದೇ ಒಂದು ಆನ್‌ಲೈನ್ ಕೋರ್ಸ್, ಅಂದರೆ 3 ಕ್ರೆಡಿಟ್ ಮಾತ್ರ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಆನ್‌ಲೈನ್ ಕೋರ್ಸ್‌ಗೆ ವೀಸಾ ಸಿಗದು, ಬರೀ ಸರ್ಟಿಫಿಕೇಟಿಗೆ ಸೋಶಿಯಲ್ ವರ್ಕ್ ಲೈಸೆನ್ಸೂ ಸಿಗದು. ಊರಿಗೇ ಮರಳುವ ಯೋಚನೆಯಿದ್ದರೆ ಆ ಆನ್‌ಲೈನ್ ಕೋರ್ಸನ್ನು ಶಿರಸಿಯಲ್ಲೇ ಕೂತು ಮಾಡು, ಸಾಲ ಮಾಡಿ ವಿಮಾನ ಹತ್ತಬೇಡ. ಇಲ್ಲೇ ಕೆಲಸ ಮಾಡುವುದಾದರೆ ಎಂಎಸ್‌ಡಬ್ಲ್ಯೂ. ನಿನ್ನದು ಮೂರು ವರ್ಷದ ಪದವಿಯಾದರೆ ಅದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಅರ್ಜಿ ಶುಲ್ಕ ಕಟ್ಟುವ ಮೊದಲೇ ಮೇಲ್ ಹಾಕಿ ಕೇಳು.

ಎಂಎಸ್‌ಡಬ್ಲ್ಯೂದಲ್ಲಿ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ. ನಾಲ್ಕು ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ ಸುಮಾರು 15–16 ಗಂಟೆ. ಬಸ್ಸು ಹೋಗದ ಕಡೆ ಜಾಗ ಕೊಟ್ಟರೆ ಹಿಮದ ದಿನಗಳಲ್ಲಿ ಗಂಟೆ ತುಂಬುವುದಿಲ್ಲ. ಹಾಗಾಗಿ ‘ನನ್ನ ಬಳಿ ಕಾರಿಲ್ಲ’ ಎಂದು ಮೊದಲೇ ಹೇಳಿಬಿಡು. ಕ್ಷೇತ್ರಕಾರ್ಯಕ್ಕೆ ವೇತನವಿದ್ದರೆ ಮೊದಲ ದಿನಕ್ಕೆ ಮುಂಚೆಯೇ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ ನಮೂದಾಗಿರಬೇಕು. ವೇತನವಿಲ್ಲದಿದ್ದರೂ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಮ್ಮೆ ವಿಚಾರಿಸು. ಟಿಬಿ ಪರೀಕ್ಷೆ ಕೇಳಿದಲ್ಲಿ ರಕ್ತಪರೀಕ್ಷೆಯನ್ನೇ ಮಾಡಿಸು. ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡ ನಮ್ಮವರಿಗೆ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಆಮೇಲೆ ಎಕ್ಸ್-ರೇ, ಅದರ ಹಿಂದೆ ಓಡಾಟ.

2014ರಲ್ಲಿ ಇಲ್ಲಿನ ಸಾಮ್‌ಸಾ ಎಂಬ ಸರ್ಕಾರಿ ಸಂಸ್ಥೆ ಟ್ರಾಮಾ-ಇನ್‌ಫಾರ್ಮ್ಡ್ ಕೇರ್‌ಗೆ ಆರು ತತ್ವ ಹಾಕಿಕೊಟ್ಟಿದೆ: ಸುರಕ್ಷತೆ, ನಂಬಿಕೆ, ಸಮಾನ ಅನುಭವಿಗಳ ಆಸರೆ, ಜೊತೆಗೂಡಿ ಕೆಲಸ, ಅವರವರ ದನಿ ಮತ್ತು ಆಯ್ಕೆ, ಸಂಸ್ಕೃತಿ-ಇತಿಹಾಸ-ಲಿಂಗದ ಅರಿವು. ಬಾಯಿಪಾಠ ಒಂದು ಸಂಜೆಯ ಕೆಲಸ. ಕುರ್ಚಿಯಲ್ಲಿ ಕೂತಾಗಲೇ ತೊಡಕು. ಎದುರಿನವರಿಗೂ ಬಾಗಿಲಿಗೂ ನಡುವೆ ನಿನ್ನ ಕುರ್ಚಿ ಬರಬಾರದು. ಅತ್ತವರ ಬೆನ್ನು ಸವರುವುದು ನಮ್ಮೂರಲ್ಲಿ ಸಹಜ, ಇಲ್ಲಿ ಕೇಳದೆ ಮುಟ್ಟಬೇಡ. ‘ಹಾಗೇಕೆ ಮಾಡಿದೆ’ ಅಂದರೆ ವಿಚಾರಣೆಯಾಗುತ್ತದೆ, ‘ಏನಾಯಿತು’ ಅನ್ನು. ಅದನ್ನೂ ಮೊದಲ ಭೇಟಿಯಲ್ಲೇ ಪೂರ್ತಿ ಕೆದಕಬೇಡ. ಅವರಿಗೆ ಗಾಯ ಮರಳಿ ಹಸಿಯಾಗುತ್ತದೆ, ಮುಂದಿನ ವಾರ ಬರುವುದೇ ಇಲ್ಲ.

ನೀನು ಶಿರೂರಿನ ಗುಡ್ಡ ಕುಸಿತದ ಕುಟುಂಬಗಳ ಜೊತೆ ಕೆಲಸ ಮಾಡಿದ್ದನ್ನು ಅರ್ಜಿಯಲ್ಲಿ ಬರೆಯಲೇಬೇಕು, ಆದರೆ ‘ಹೆದ್ದಾರಿ ಬದಿಯ ಊರೊಂದರ ದುರಂತ’ ಅಂದರೆ ಸಾಕು. ‘ಅಂಕೋಲಾ, 2024ರ ಜುಲೈ 16’ ಎಂದರೆ ಓದಿದವರು ಅರ್ಧ ನಿಮಿಷದಲ್ಲಿ ಫೋನಿನಲ್ಲಿ ಮೃತರ ಹೆಸರು ಹುಡುಕಿಬಿಡುತ್ತಾರೆ. ಹೆಸರು ಮರೆಮಾಡಿದರೆ ಗುಟ್ಟು ಉಳಿಯಿತು ಎಂಬ ನಂಬಿಕೆ ಸಣ್ಣ ಊರಿನ ಮಟ್ಟಿಗೆ ಸುಳ್ಳು.

ಇನ್ನು ಪರರ ಸಂಕಟ ಕೇಳಿ ಬದುಕುವುದು ಹೇಗೆಂಬ ನಿನ್ನ ಮೂರನೆಯ ಪ್ರಶ್ನೆ. ಪ್ರೊಕ್ವಾಲ್ ಎಂಬ 30 ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಹಿಂದಿನ 30 ದಿನ ನೆನೆದು ತುಂಬಿದರೆ ಮೂರು ಅಂಕ ಬರುತ್ತವೆ: ಕೆಲಸದ ತೃಪ್ತಿ, ಬರ್ನ್‌ಔಟ್, ಸೆಕೆಂಡರಿ ಟ್ರಾಮಾ. ರೋಗನಿರ್ಣಯ ಅದರ ಕೆಲಸವಲ್ಲ. ತಿಂಗಳಿಗೊಮ್ಮೆ ತುಂಬಿ ಏರಿಳಿತ ನೋಡು. ಕೊನೆಯ ಎರಡನ್ನು ಕಲಸಬೇಡ. ಬರ್ನ್‌ಔಟ್ ಕೆಲಸದ ಹೊರೆಯಿಂದ ನಿಧಾನಕ್ಕೆ ಕವಿಯುವಂಥದ್ದು, ಹೊರೆ ಇಳಿಸಬೇಕು. ಸೆಕೆಂಡರಿ ಟ್ರಾಮಾ ಒಂದೇ ಕೇಸಿನಿಂದಲೂ ಬರುತ್ತದೆ. ಅವರು ಹೇಳಿದ ದೃಶ್ಯ ನಿನ್ನ ಕನಸಿಗೆ ಬರುತ್ತದೆ, ಒಂದು ಫೈಲ್ ತೆಗೆಯಲು ಕೈ ಹಿಂದೇಟು ಹಾಕುತ್ತದೆ. ಇದಕ್ಕೆ ರಜೆಗಿಂತ ಕ್ಷೇತ್ರಕಾರ್ಯ ನೋಡಿಕೊಳ್ಳುವ ಸೂಪರ್‌ವೈಸರ್ ಜೊತೆ ಬಾಯಿಬಿಟ್ಟು ಆಡುವ ಮಾತು ಮುಖ್ಯ.

ಅಲ್ಲೇ ನಮ್ಮ ಕಡೆಯವರು ಕೆಡುವುದು. ‘ಹೇಗಿದ್ದೀ’ ಅಂದರೆ ‘ಅಡ್ಡಿಲ್ಲ’ ಅಂದುಬಿಡುತ್ತೇವೆ, ಮಾರ್ಕ್ಸ್ ಹೋದೀತೆಂಬ ಹೆದರಿಕೆ ಬೇರೆ. ವಾರಕ್ಕೊಂದು ಗಂಟೆ ಸೂಪರ್‌ವಿಷನ್ ಕೇಳಿ ಪಡೆ. ಕಾಗದಪತ್ರಕ್ಕೆ ಮುಕ್ಕಾಲು ಗಂಟೆ ಹೋದರೂ ‘ಕೊನೆಯ ಹದಿನೈದು ನಿಮಿಷ ನನಗೆ ಬೇಕು’ ಎಂದು ಕೂತ ಕೂಡಲೇ ಹೇಳಿಬಿಡು. ಏಳುವ ಹೊತ್ತಿಗೆ ಹೇಳಿದರೆ ಮುಂದಿನ ವಾರಕ್ಕೆ ಹೋಗುತ್ತದೆ.