ಕಾರಿನ ಹೊಗೆಗೆ ಹೊಲದಿಂದಲೇ ಲೆಕ್ಕ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಪೆಟ್ರೋಲ್ ದುಬಾರಿ ಆಗಿರುವುದಕ್ಕೆ ಸರ್ಕಾರದ ಕಾರ್ಬನ್ ನಿಯಮವೇ ಕಾರಣ ಅಂತ ಅಳಿಯಂದಿರು ಹೇಳಿದರು. ಯಾವ ನಿಯಮ ಅದು? ಯಾವ ಇಂಧನ ಸುಟ್ಟರೂ ಹೊಗೆ ಹೊಗೆಯೇ ಅಲ್ವಾ?
— ಓದುಗರೊಬ್ಬರು

ಉತ್ತರ: ಅಳಿಯಂದಿರು ಹೇಳಿದ್ದು ಸುಳ್ಳಲ್ಲ ಅಮ್ಮ, ಆದರೆ ಪೂರ್ತಿ ಅಲ್ಲ. ಅಲ್ಲಿ ತೆರಿಗೆಯೂ ಜಾಸ್ತಿ. ಆ ರಾಜ್ಯಕ್ಕೆ ಅಂತಲೇ ಬೇರೆ ಹದದ ಪೆಟ್ರೋಲ್ ತಯಾರಾಗಬೇಕು. ಇವುಗಳ ಜೊತೆ ಈ ನಿಯಮದ ಖರ್ಚೂ ಸೇರುತ್ತದೆ.

ಲೋ ಕಾರ್ಬನ್ ಫ್ಯೂಯಲ್ ಸ್ಟ್ಯಾಂಡರ್ಡ್, ಅಂದರೆ ಕಡಿಮೆ ಕಾರ್ಬನ್ ಇಂಧನದ ನಿಯಮ ಅಂತ ಅದರ ಹೆಸರು. 2007ರಲ್ಲಿ ಗವರ್ನರ್ ಆಗಿದ್ದ ಶ್ವಾರ್ಜ್‌ನೆಗರ್ ಆದೇಶ ಕೊಟ್ಟರು. 2009ರಲ್ಲಿ ಗಾಳಿಯ ಮಾಲಿನ್ಯ ನೋಡಿಕೊಳ್ಳುವ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ನಿಯಮ ಮಾಡಿತು. ಆಮೇಲೆ ಆರೆಗಾನ್, ವಾಷಿಂಗ್ಟನ್ ರಾಜ್ಯಗಳೂ ಇಂಥದ್ದನ್ನೇ ತಂದವು.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಇಲ್ಲಿ ಸೈಲೆನ್ಸರಿನ ಹೊಗೆಯನ್ನಷ್ಟೇ ನೋಡುವುದಿಲ್ಲ. ಎಥನಾಲ್ ಆದರೆ ಮೆಕ್ಕೆಜೋಳದ ಹೊಲದಿಂದಲೇ ಲೆಕ್ಕ ಶುರು. ಹಾಕಿದ ಗೊಬ್ಬರ, ಓಡಿಸಿದ ಟ್ರ್ಯಾಕ್ಟರ್, ಕಾರ್ಖಾನೆಯ ಬಾಯ್ಲರ್, ಸಾಗಿಸಿದ ಲಾರಿ, ಎಲ್ಲಾ ಸೇರುತ್ತದೆ. ಒಂದು ಮೆಗಾಜೂಲ್ ಶಕ್ತಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಹೊಗೆ ಅಂತ ಅಳೆಯುತ್ತಾರೆ. ಪೆಟ್ರೋಲ್‌ಗೆ ಸುಮಾರು 100 ಗ್ರಾಂ ಬರುತ್ತದೆ. ಬೋರ್ಡ್ ಹಾಕಿದ ಮಿತಿ ಮೀರಿದ ಇಂಧನ ಮಾರುವ ಕಂಪನಿ, ಮಿತಿಯೊಳಗಿರುವವರಿಂದ ಕ್ರೆಡಿಟ್ ಕೊಳ್ಳಬೇಕು. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಉಳಿಸಿದ ಲೆಕ್ಕ. ಮಿತಿ ಇಳಿಯುತ್ತಾ ಹೋಗುತ್ತದೆ. 2010ಕ್ಕೆ ಹೋಲಿಸಿದರೆ 2030ಕ್ಕೆ ಶೇ. 30ರಷ್ಟು ಕಡಿಮೆ ಆಗಬೇಕು ಅಂತ 2024ರ ನವೆಂಬರ್‌ನಲ್ಲಿ ಬೋರ್ಡ್ ತೀರ್ಮಾನಿಸಿತು.

ಇದರಿಂದ ಡೀಸೆಲ್ ನಿಜಕ್ಕೂ ಬದಲಾಗಿದೆ. ಅಲ್ಲಿ ಮಾರುವ ಡೀಸೆಲ್‌ನಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಕರಿದ ಎಣ್ಣೆ, ಪ್ರಾಣಿಗಳ ಕೊಬ್ಬು, ಸೋಯಾ ಎಣ್ಣೆಯಿಂದ ಆದದ್ದು.

ನನಗೆ ಕಸಿವಿಸಿ ಆಗುವುದು ಸಗಣಿಯ ವಿಷಯದಲ್ಲಿ. ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಲ್ಲಿ ಒಂದು ಹಾಲಿನ ಫಾರ್ಮ್ ನೋಡಿದ್ದೆ. ಸಗಣಿ ನೀರಿನ ಹೊಂಡಕ್ಕೆ ದಪ್ಪನೆಯ ಕಪ್ಪು ಹಾಳೆ ಹೊದಿಸಿದ್ದರು. ಒಳಗೆ ಗ್ಯಾಸ್ ತುಂಬಿ ಅದು ಪೂರಿಯ ಹಾಗೆ ಉಬ್ಬಿತ್ತು. ಗೋಬರ್ ಗ್ಯಾಸ್ ಅಂದರೆ ನಿಮಗೆ ತಟ್ಟನೆ ಗೊತ್ತಾಗುತ್ತದೆ. ಗಾಳಿಗೆ ಹೋಗಿ ಭೂಮಿಯ ಬಿಸಿ ಏರಿಸುತ್ತಿದ್ದ ಮೀಥೇನ್ ಹಿಡಿದರು ಅಂತ ಆ ಗ್ಯಾಸಿನ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಕ್ರೆಡಿಟ್ ರಾಶಿ ಬರುತ್ತದೆ. ಮೀಥೇನ್ ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫಾರ್ಮಿನ ಪಕ್ಕದವರಿಗೆ ನೊಣದ ಕಾಟ ತಪ್ಪುವುದಿಲ್ಲ, ಸಗಣಿಯಿಂದ ಬಾವಿ ನೀರಿಗೆ ಇಳಿಯುವ ನೈಟ್ರೇಟ್ ಎಂಬ ಮಲಿನ ವಸ್ತು ಕಡಿಮೆ ಆಗುವುದಿಲ್ಲ. ಅವು ಈ ಲೆಕ್ಕದ ಒಳಗೆ ಬರುವುದೇ ಇಲ್ಲ.

ಬೋರ್ಡಿನ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಬೆಲೆಯ ಬಗ್ಗೆ ಅಳಿಯಂದಿರು ಅಲ್ಲೇ ಕೇಳಲಿ. ಆ ಬಾವಿಗಳ ಬಗ್ಗೆಯೂ ಒಂದು ಮಾತು ಕೇಳಲಿ.